ಹಳೆಯ ಸರ್ಕಾರಿ ಶಾಲಾ ಕಟ್ಟಡದ ದುರಸ್ತಿ: ಅಲ್ಪ ಅನುದಾನದಲ್ಲಿ ಯಾವುದು ಮೊದಲು, ಯಾವುದು ಕೊನೆಗೆ

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ದುರಸ್ತಿಯ ಹಣ ಬಂತೆಂದರೆ ಬಹಳಷ್ಟು ಕಡೆ ಮೊದಲು ಬರುವವರು ಬಣ್ಣ ಬಳಿಯುವವರು. ಕೊಠಡಿಗಳ ಸಾಲನ್ನು ರೈಲು ಬೋಗಿಗಳಂತೆ ಚಿತ್ರಿಸಿ, ಗೋಡೆಗಳ ಮೇಲೆ ವರ್ಣಮಾಲೆ ಬರೆಸಿ, ಗಣ್ಯರನ್ನು ಕರೆಸಿ ಉದ್ಘಾಟನೆ ಮುಗಿಸಿದ ಮೇಲೆ, ಮುಂದಿನ ಮಳೆಗಾಲಕ್ಕೆ ಆ ರೈಲಿನ ಕಿಟಕಿಯ ಕೆಳಗೆ ತೇವದ ಕಲೆ ಮೂಡುತ್ತದೆ, ಮಾರನೆಯ ವರ್ಷ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಬಣ್ಣ ಬೇಡವೆಂದಲ್ಲ, ಮಕ್ಕಳಿಗೆ ಅದು ಇಷ್ಟ, ದಾಖಲಾತಿಗೂ ನೆರವಾಗುತ್ತದೆ. ಆದರೆ ಹಣ ಕಡಿಮೆ ಇರುವಲ್ಲಿ ಕೆಲಸದ ಸರದಿಯೇ ಮುಖ್ಯ: ಮೊದಲು ಜೀವಕ್ಕೆ ಅಪಾಯವಿರುವುದು, ಅನಂತರ ಕಟ್ಟಡದೊಳಗೆ ನೀರು ಬರುವ ದಾರಿ, ಆಮೇಲೆ ವಿದ್ಯುತ್ತು ಮತ್ತು ಶೌಚಾಲಯ, ತರುವಾಯ ನೆಲ, ಬಾಗಿಲು, ಕಿಟಕಿ, ಕಟ್ಟಕಡೆಗೆ ಬಣ್ಣ. ಈ ಸರದಿ ತಪ್ಪಿದರೆ ಒಂದೇ ಕೆಲಸಕ್ಕೆ ಎರಡೆರಡು ಬಾರಿ ಹಣ ಸುರಿಯಬೇಕಾಗುತ್ತದೆ.

ಈ ಮಾರ್ಗದರ್ಶಿಯು ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಹಾಗೂ ತಮ್ಮ ಊರಿನ ಶಾಲೆಗೆ ಕೈಲಾದದ್ದನ್ನು ಮಾಡಬೇಕೆಂದಿರುವ ಹಳೆಯ ವಿದ್ಯಾರ್ಥಿಗಳಿಗೆ ಉದ್ದೇಶಿಸಿದ್ದು. ಇಂಜಿನಿಯರ್ ಮಾಡಬೇಕಾದ ಕೆಲಸವನ್ನು ಇದು ಕಲಿಸುವುದಿಲ್ಲ. ಇಂಜಿನಿಯರ್ ಬಂದಾಗ ಏನನ್ನು ತೋರಿಸಬೇಕು, ಏನನ್ನು ಕೇಳಬೇಕು, ಮೇಸ್ತ್ರಿ ಕೆಲಸ ಮಾಡುವಾಗ ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ತಿಳಿಸುತ್ತದೆ.

ಮೊದಲ ಹಂತ: ಮಳೆ ಸುರಿಯುವಾಗಲೇ ಕಟ್ಟಡವನ್ನು ನೋಡುವುದು

ಕಟ್ಟಡದ ತಪಾಸಣೆಯನ್ನು ಬೇಸಿಗೆ ರಜೆಯಲ್ಲಿ ಮಾಡುವ ರೂಢಿಯಿದೆ. ಆಗ ಕಾಣುವುದು ಒಣಗಿದ ಕಲೆಗಳು ಮಾತ್ರ. ನೀರು ಎಲ್ಲಿಂದ ಬಂತು ಎಂಬುದು ಕಾಣುವುದಿಲ್ಲ. ತಪಾಸಣೆ ನಡೆಯಬೇಕಾದದ್ದು ಜೂನ್, ಜುಲೈ ತಿಂಗಳಲ್ಲಿ, ಜೋರು ಮಳೆ ಬೀಳುತ್ತಿರುವಾಗ ಮತ್ತು ಅದು ನಿಂತ ಅರ್ಧ ಗಂಟೆಯೊಳಗೆ. ದೊಡ್ಡ ಹಾಳೆಯೊಂದರ ಮೇಲೆ ಶಾಲೆಯ ನಕ್ಷೆಯನ್ನು ಕೈಯಲ್ಲೇ ಬರೆದು, ಪ್ರತಿ ಕೊಠಡಿಗೂ ಸಂಖ್ಯೆ ಕೊಟ್ಟು, ಪ್ರತಿ ಗೋಡೆಯನ್ನೂ ದಿಕ್ಕಿನ ಹೆಸರಿನಿಂದ ಗುರುತಿಸಿಕೊಳ್ಳಬೇಕು. "ನಾಲ್ಕನೇ ಕೊಠಡಿ, ಪಡುವಣ ಗೋಡೆ, ಕಿಟಕಿಯ ಬಲ ಮೂಲೆ" ಎಂದು ಬರೆದ ದೂರಿಗೂ "ಶಾಲೆ ಸೋರುತ್ತಿದೆ" ಎಂಬ ದೂರಿಗೂ ಕಚೇರಿಯಲ್ಲಿ ಸಿಗುವ ಬೆಲೆ ಬೇರೆಯೇ.

ನಕ್ಷೆಯ ಜೊತೆಗೆ ಪ್ರತಿ ಕೊಠಡಿಯನ್ನು ಯಾವ ವರ್ಷ, ಯಾವ ಯೋಜನೆಯಡಿ, ಯಾವ ಸಾಮಗ್ರಿಯಿಂದ ಕಟ್ಟಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ದಾಖಲಿಸಿಡಬೇಕು. ನಮ್ಮ ಹೆಚ್ಚಿನ ಶಾಲೆಗಳು ಒಂದೇ ಕಾಲದಲ್ಲಿ ಕಟ್ಟಿದವಲ್ಲ. ಊರವರು ಕಲ್ಲು, ಮಣ್ಣು, ಸುಣ್ಣದಲ್ಲಿ ಕಟ್ಟಿಕೊಟ್ಟ ಹೆಂಚಿನ ಕೊಠಡಿಯ ಪಕ್ಕದಲ್ಲಿ 1990ರ ದಶಕದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ) ಕೊಠಡಿ, ಅದರಾಚೆ ಸರ್ವ ಶಿಕ್ಷಣ ಅಭಿಯಾನದ ಆರ್‌ಸಿಸಿ (ಒಳಗೆ ಕಂಬಿ ಇರುವ ಕಾಂಕ್ರೀಟ್) ಕೊಠಡಿ, ಮೂಲೆಯಲ್ಲಿ ತಗಡಿನ ಅಡುಗೆ ಕೋಣೆ ಇರುತ್ತವೆ. ಇವುಗಳ ಕಾಯಿಲೆಗಳೂ ಬೇರೆ, ಮದ್ದೂ ಬೇರೆ. ಕೋಲಾರದ ಕಡೆಯ ಕಲ್ಲು ಚಪ್ಪಡಿಯ ಸೂರಿಗೆ ಒಗ್ಗುವ ಉಪಾಯ ಉಡುಪಿಯ ಹೆಂಚಿನ ಮಾಡಿಗೆ ಒಗ್ಗದು.

ನೋಡುವಾಗ ನೆನಪಿಡಬೇಕಾದ ಸಂಗತಿಯೆಂದರೆ, ಒಳಗೆ ಹನಿ ಬೀಳುವ ಜಾಗವೂ ಹೊರಗೆ ನೀರು ಒಳನುಗ್ಗುವ ಜಾಗವೂ ಒಂದೇ ಆಗಿರುವುದು ಅಪರೂಪ. ಹೆಂಚಿನ ಮಾಡಿನಲ್ಲಿ ನೀರು ಪಕಾಸಿನ (ಹೆಂಚನ್ನು ಹೊರುವ ಓರೆ ಮರದ) ಗುಂಟ ಹರಿದು ಎಷ್ಟೋ ಅಡಿ ಕೆಳಗೆ ಹನಿಯುತ್ತದೆ. ಆರ್‌ಸಿಸಿ ಚಾವಣಿಯಲ್ಲಿ ಪ್ಯಾರಪೆಟ್ (ಚಾವಣಿಯಂಚಿನ ಗಿಡ್ಡ ಗೋಡೆ) ಬುಡದಲ್ಲಿ ಇಳಿದ ನೀರು ಕೊಠಡಿಯ ನಡುವಿನ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕಬಹುದು. ಆದ್ದರಿಂದ ಒಳಗಿನ ಕಲೆಯನ್ನು ಗುರುತಿಸಿ ಅದರ ಮೇಲಿನ ಭಾಗವನ್ನಷ್ಟೇ ಮುಚ್ಚಿದರೆ ಸೋರುವುದು ನಿಲ್ಲುವುದಿಲ್ಲ. ಹೊರಗೆ ಬಂದು ಸೂರಿನ ನೀರು ಎಲ್ಲಿ ಬೀಳುತ್ತದೆ, ಅಲ್ಲಿಂದ ಎತ್ತ ಹರಿಯುತ್ತದೆ, ಗೋಡೆಯ ಬುಡದಲ್ಲಿ ನಿಲ್ಲುತ್ತದೆಯೇ ಎಂಬುದನ್ನು ನೋಡಬೇಕು. ಆರು ಮೀಟರ್ ಉದ್ದಗಲದ ಒಂದು ಕೊಠಡಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ 3,600 ಲೀಟರ್ ನೀರು ಬಿದ್ದಂತಾಯಿತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ದಕ್ಷಿಣ ಕನ್ನಡ, ಉಡುಪಿಯಂತಹ ಜಿಲ್ಲೆಗಳಲ್ಲಿ ಅಷ್ಟು ನೀರು ಗೋಡೆಯ ಬುಡಕ್ಕೇ ಇಳಿಯುತ್ತಿದ್ದರೆ, ಯಾವ ಬಣ್ಣವೂ ಯಾವ ವಾಟರ್‌ಪ್ರೂಫ್ ದ್ರಾವಣವೂ ಆ ಗೋಡೆಯನ್ನು ಉಳಿಸಲಾರದು.

ಎರಡನೆಯ ಹಂತ: ಅಪಾಯ ಯಾವುದು, ಕುಂದು ಯಾವುದು ಎಂದು ಬೇರ್ಪಡಿಸುವುದು

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿ ಗ್ರಾಮದ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಮೇಲಿನಿಂದ ಕಲ್ಲಿನ ಚೂರು ಬೀಳುತ್ತಿರುವುದನ್ನು ಮಕ್ಕಳು ಮೊದಲೇ ಹೇಳಿದ್ದರೆಂದು ಆಗ ವರದಿಯಾಗಿತ್ತು. ಹಳೆಯ ಕಟ್ಟಡಗಳು ಮುನ್ಸೂಚನೆಯಿಲ್ಲದೆ ಬೀಳುವುದು ಕಡಿಮೆ. ಆ ಸೂಚನೆಗಳನ್ನು ಓದುವ ಅಭ್ಯಾಸ ನಮಗಿರಬೇಕು, ಮಕ್ಕಳು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಬೇಕು.

ಬಿರುಕುಗಳನ್ನು ಓದುವುದು ಕಷ್ಟವೇನಲ್ಲ. ಗಾರೆಯ ಮೇಲಷ್ಟೇ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಗಾರೆ ಒಣಗುವಾಗ ಆದದ್ದು, ಅದರಿಂದ ಭಯವಿಲ್ಲ. ಆರ್‌ಸಿಸಿ ಚಾವಣಿಯೂ ಗೋಡೆಯೂ ಕೂಡುವಲ್ಲಿ ಅಡ್ಡಲಾಗಿ ಸಾಗುವ ಬಿರುಕು ಬಿಸಿಲಿಗೆ ಚಾವಣಿ ಹಿಗ್ಗಿ ಕುಗ್ಗುವುದರಿಂದ ಬಂದಿರುತ್ತದೆ; ಚಾವಣಿಯ ಬಿಸಿಯನ್ನು ತಗ್ಗಿಸಿದರೆ ಅದು ಹತೋಟಿಗೆ ಬರುತ್ತದೆ. ಹಳೆಯ ಕೊಠಡಿಗೆ ಹೊಸ ಕೊಠಡಿಯನ್ನು ಅಂಟಿಸಿ ಕಟ್ಟಿದಲ್ಲಿ ನೇರವಾಗಿ ಮೇಲಿನಿಂದ ಕೆಳಗೆ ಬರುವ ಬಿರುಕು ಎರಡು ತಳಪಾಯಗಳು ಬೇರೆ ಬೇರೆಯಾಗಿ ಕುಳಿತಿರುವುದರ ಗುರುತು. ಅದನ್ನು ಗಾರೆಯಿಂದ ಮುಚ್ಚಿದಷ್ಟೂ ಬಾಯಿ ಬಿಡುತ್ತದೆ, ಹಿಗ್ಗುವ ಸೀಲೆಂಟ್ ತುಂಬಿ ಬಿಡುವುದೇ ಲೇಸು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ, ಕಲ್ಲು ಇಟ್ಟಿಗೆಗಳ ಸಂದಿನಲ್ಲಿ ಮೆಟ್ಟಿಲಿನಂತೆ ಏರುವ ಬಿರುಕು ಮಾತ್ರ ತಳಪಾಯ ಕುಸಿಯುತ್ತಿರುವುದನ್ನು ಹೇಳುತ್ತದೆ.

ಉತ್ತರ ಕರ್ನಾಟಕದ ಎರೆ ಮಣ್ಣಿನ ಊರುಗಳಲ್ಲಿ ಈ ಓರೆ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದುಂಟು, ಏಕೆಂದರೆ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಲ್ಲಿ ಗೋಡೆಗೆ ಮದ್ದು ಹಚ್ಚುವ ಮೊದಲು ಮಣ್ಣಿನ ತೇವವನ್ನು ಹದಕ್ಕೆ ತರಬೇಕು: ಕಟ್ಟಡದ ಸುತ್ತ ಸುಮಾರು ಒಂದು ಮೀಟರ್ ಅಗಲಕ್ಕೆ ಹೊರಮುಖವಾಗಿ ಇಳಿಜಾರಿರುವ ಕಲ್ಲು ಇಲ್ಲವೆ ಕಾಂಕ್ರೀಟಿನ ಹಾಸು, ಅದರಂಚಿಗೆ ಚರಂಡಿ, ಗೋಡೆಗೆ ತಾಗಿದಂತೆ ದೊಡ್ಡ ಮರ ಬೆಳೆಸದಿರುವುದು, ಸೋರುವ ನಲ್ಲಿಯನ್ನು ಸರಿಪಡಿಸುವುದು. ಇಷ್ಟನ್ನು ಮಾಡದೆ ಬಿರುಕಿಗೆ ಸಿಮೆಂಟ್ ತುಂಬಿಸುವುದು ಪ್ರತಿ ವರ್ಷದ ಖರ್ಚಾಗುತ್ತದೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಬೇಕು. ನಡುವೆ ಒಂದು ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ, ಎರಡು ಬದಿಗೂ ಭದ್ರವಾಗಿ ಅಂಟಿಸಬೇಕು. ತಿಂಗಳುಗಳ ನಂತರ ಗೆರೆ ದಾಟಿ ಬಿರುಕು ಮುಂದುವರಿದಿದ್ದರೆ ಅಥವಾ ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಖರ್ಚು ಏನೂ ಇಲ್ಲದ ಈ ದಾಖಲೆ ಇಂಜಿನಿಯರ್ ಕೈಗೆ ಸಿಕ್ಕರೆ ಅವರ ಕೆಲಸ ಎಷ್ಟೋ ಹಗುರ.

5 ಮಿ.ಮೀ. ಮೀರಿದ ಬಿರುಕು, ಲಂಬ ತಪ್ಪಿದ ಅಥವಾ ಹೊಟ್ಟೆ ಬಿಟ್ಟ ಗೋಡೆ, ಜೋತುಬಿದ್ದ ತೊಲೆ, ಕಂಬಿ ಕಾಣುವಂತೆ ಕಾಂಕ್ರೀಟ್ ಕಳಚಿದ ಚಾವಣಿ, ಇವುಗಳಲ್ಲಿ ಯಾವುದು ಕಂಡರೂ ಆ ಕೊಠಡಿಗೆ ಅಂದೇ ಬೀಗ ಹಾಕಬೇಕು. ಕೆಡವಲು ಮೇಲಿನವರ ಲಿಖಿತ ಆದೇಶ ಬೇಕು. ಬೀಗ ಹಾಕಲು ಮುಖ್ಯಶಿಕ್ಷಕರು ಯಾರಿಗೂ ಕಾಯಬೇಕಾಗಿಲ್ಲ. ಆ ಕೊಠಡಿಯನ್ನು ಅಕ್ಕಿ ಬೇಳೆಯ ದಾಸ್ತಾನಿಗೂ ಬಳಸಬಾರದು, ಏಕೆಂದರೆ ಅಡುಗೆಯವರು ದಿನವೂ ಒಳಗೆ ಹೋಗಬೇಕಾಗುತ್ತದೆ. ಗೋಡೆ ಹೊರಕ್ಕೆ ಬೀಳಬಹುದಾದ್ದರಿಂದ ಅದರ ಎತ್ತರದಷ್ಟಾದರೂ ದೂರಕ್ಕೆ ಹಗ್ಗವೋ ಬೇಲಿಯೋ ಕಟ್ಟಬೇಕು. ನಂತರ ಫೋಟೊ ಮತ್ತು ನಕ್ಷೆಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಬರೆದು, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಅಥವಾ ಲೋಕೋಪಯೋಗಿ ಇಲಾಖೆಯ ಇಂಜಿನಿಯರಿಂದ ತಪಾಸಣೆ ಮಾಡಿಸಿ ಲಿಖಿತ ವರದಿ ಕೊಡಿಸುವಂತೆ ಕೋರಬೇಕು. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿಯನ್ನು ಪಡೆದಿಟ್ಟುಕೊಳ್ಳಬೇಕು. ಶಾಲೆಗಳ ವಾರ್ಷಿಕ ಮಾಹಿತಿಯ ಯುಡೈಸ್ ನಮೂನೆ ತುಂಬುವಾಗ ಇಂತಹ ಕೊಠಡಿಯನ್ನು "ಸುಸ್ಥಿತಿ" ಎಂದು ನಮೂದಿಸುವುದು ಶಾಲೆಗೇ ಮುಳುವು. ದೊಡ್ಡ ದುರಸ್ತಿ ಬೇಕೆಂದು ದಾಖಲಾಗದ ಕೊಠಡಿಗೆ ಯಾವ ಯೋಜನೆಯಲ್ಲೂ ಹಣ ಬರಲಾರದು.

ಮೂರನೆಯ ಹಂತ: ಮಾಡು

ಹೆಂಚಿನ ಮಾಡು

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಶಾಲೆಗಳಿಗೆ ಮಂಗಳೂರು ಹೆಂಚೇ ಸೂರಾಯಿತು. ಈ ಮಾಡಿನ ದೊಡ್ಡ ಗುಣವೆಂದರೆ ಅದನ್ನು ಬಿಡಿ ಬಿಡಿಯಾಗಿ ರಿಪೇರಿ ಮಾಡಬಹುದು. "ಹಳೆಯ ಹೆಂಚನ್ನೆಲ್ಲ ತೆಗೆದು ತಗಡು ಹಾಕಿಬಿಡೋಣ" ಎಂಬ ಸಲಹೆ ಊರಿನ ಸಭೆಯಲ್ಲಿ ಬಂದೇ ಬರುತ್ತದೆ. ತಗಡಿನ ಕೆಳಗೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಕ್ಕಳು ಕೂರಲಾರರು, ಆಷಾಢದ ಮಳೆಯ ಸದ್ದಿನಲ್ಲಿ ಮೇಷ್ಟ್ರ ಮಾತು ಮೂರನೆಯ ಬೆಂಚಿಗೂ ಕೇಳದು. ಮರಮುಟ್ಟು ಗಟ್ಟಿಯಾಗಿದ್ದರೆ ಹೆಂಚನ್ನೇ ಉಳಿಸಿಕೊಳ್ಳುವುದು ಅಗ್ಗವೂ ಹೌದು, ಪಾಠಕ್ಕೆ ಒಳ್ಳೆಯದೂ ಹೌದು.

ಕೆಲಸ ಶುರುವಾಗಬೇಕಾದದ್ದು ಮರದಿಂದ. ತೊಲೆ ಮತ್ತು ಪಕಾಸುಗಳು ಗೋಡೆಯೊಳಗೆ ಹೂತಿರುವ ತುದಿಗಳಲ್ಲಿ ಮೊದಲು ಕೊಳೆಯುತ್ತವೆ, ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ಸ್ಕ್ರೂಡ್ರೈವರನ್ನು ಆ ತುದಿಗೆ ಒತ್ತಿ ನೋಡಬೇಕು. ಸಲೀಸಾಗಿ ಒಳಹೋದರೆ ಮರ ಸತ್ತಿದೆ. ತುದಿ ಮಾತ್ರ ಹಾಳಾದ ಪಕಾಸನ್ನು ಬದಲಿಸದೆ, ಅದೇ ಗಾತ್ರದ ಇನ್ನೊಂದು ಮರವನ್ನು ಪಕ್ಕಕ್ಕೆ ಜೋಡಿಸಿ ಬೋಲ್ಟ್ ಹಾಕಬಹುದು. ತೊಲೆಯೇ ಹಾಳಾಗಿದ್ದರೆ ಮಾತ್ರ ಇಂಜಿನಿಯರ್ ನೋಡದೆ ಕೈಹಾಕಬಾರದು. ಕರಾವಳಿಯಲ್ಲಿ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿ ಇಂದಿಗೂ ಉಪಯುಕ್ತ, ಆದರೆ ಅದು ಚರ್ಮವನ್ನು ಸುಡುತ್ತದೆ. ರಜೆಯಲ್ಲಿ, ಕೈಗವಸು ಹಾಕಿಕೊಂಡು ಬಳಿದು, ಪೂರ್ತಿ ಒಣಗಿದ ಮೇಲೆಯೇ ಮಕ್ಕಳನ್ನು ಒಳಬಿಡಬೇಕು.

ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತದೆ. ಆರು ಮೀಟರ್ ಉದ್ದಗಲದ ಕೊಠಡಿಗೆ, ಎರಡೂ ಕಡೆಯ ಸೂರಿನ ಚಾಚು ಸೇರಿ, ಮಾಡಿನ ಇಳಿಜಾರಿನ ವಿಸ್ತೀರ್ಣ ಹತ್ತಿರ ಹತ್ತಿರ 50 ಚದರ ಮೀಟರ್ ಎಂದರೆ 750 ಹೆಂಚು. ಅವನ್ನೆಲ್ಲ ಇಳಿಸಿ, ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು: ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ಗಟ್ಟಿ ಹೆಂಚುಗಳ ಪಾಚಿಯನ್ನು ಬ್ರಷ್‌ನಿಂದ ತಿಕ್ಕಿ ತೊಳೆದು ಮತ್ತೆ ಬಳಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ಒಂದು ಕಾರ್ಖಾನೆಯ ಹೆಂಚಿನ ಗಾಡಿ, ಎಂದರೆ ಪಕ್ಕದ ಹೆಂಚಿಗೆ ಕಚ್ಚಿಕೊಳ್ಳುವ ಕಾಲುವೆ, ಇನ್ನೊಂದರ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ. ನಡುನಡುವೆ ಹೊಸ ಹೆಂಚು ತುರುಕಿದರೆ ಅಲ್ಲಲ್ಲೇ ಸೋರುತ್ತದೆ. ಆದ್ದರಿಂದ ಎರಡು ಕೊಠಡಿಗಳಿಂದ ಇಳಿಸಿದ ಒಂದೇ ಮುದ್ರೆಯ ಹಳೆಯ ಹೆಂಚುಗಳನ್ನೆಲ್ಲ ಒಂದು ಮಾಡಿಗೆ ಕೂಡಿಸಿ, ಹೊಸ ಹೆಂಚನ್ನು ಇನ್ನೊಂದು ಮಾಡಿಗೆ ಪೂರ್ತಿಯಾಗಿ ಹೊದಿಸುವುದು ಜಾಣತನ. ಮಾಡಿನ ನೆತ್ತಿಯಲ್ಲಿ ಮಗುಚಿ ಕೂರಿಸುವ ಹೆಂಚುಗಳ ಗಾರೆ ಬಿಟ್ಟುಹೋಗಿದ್ದರೆ ಅದನ್ನು ಪೂರ್ತಿ ಕಿತ್ತು ಹೊಸದಾಗಿ ಕೂರಿಸಬೇಕು. ಮೇಲೆ ಸಿಮೆಂಟ್ ಸವರುವುದು ಒಂದು ಮಳೆಗಾಲಕ್ಕಷ್ಟೇ ಸಾಕು.

ಮಲೆನಾಡಿನಲ್ಲಿ ಮಂಗಗಳದ್ದೇ ಒಂದು ಅಧ್ಯಾಯ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸುವುದು, ಬಿಸಿಯೂಟದ ಮುಸುರೆಯನ್ನು ತೆರೆದಿಡದಿರುವುದು, ಒಡೆದವುಗಳ ಬದಲಿಗೆಂದು ನೂರು ಹೆಂಚು ದಾಸ್ತಾನಿಡುವುದು, ಇವಿಷ್ಟೇ ನಮ್ಮ ಕೈಯಲ್ಲಿರುವುದು.

ಆರ್‌ಸಿಸಿ ಚಾವಣಿ

ಕೊಠಡಿಯೊಳಗೆ ನಿಂತು ಉದ್ದನೆಯ ಕೋಲಿನಿಂದ ಚಾವಣಿಯ ಅಡಿಭಾಗವನ್ನು ಅಡಿಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋದರೆ ಪೊಳ್ಳು ಬಿಟ್ಟಿರುವ ಭಾಗ ಸದ್ದಿನಲ್ಲೇ ತಿಳಿಯುತ್ತದೆ. ತಟ್ಟುವವರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಪಕ್ಕಕ್ಕೆ ಸರಿದು ನಿಲ್ಲಬೇಕು. ಒಳಗಿನ ಕಂಬಿಗೆ ನೀರು ತಾಗಿ ತುಕ್ಕು ಹಿಡಿದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿದು, ಕಾಂಕ್ರೀಟನ್ನು ಒಳಗಿನಿಂದ ಒಡೆದು ಹೊರಕ್ಕೆ ತಳ್ಳುತ್ತದೆ. ಉದುರಿದ ಜಾಗಕ್ಕೆ ಮೇಸ್ತ್ರಿ ಸಿಮೆಂಟ್ ಮೆತ್ತಿ ಸುಣ್ಣ ಬಳಿದು ಹೋದರೆ ತುಕ್ಕು ಒಳಗೇ ಮುಂದುವರಿದು, ಮುಂದಿನ ಬಾರಿ ಇನ್ನೂ ದೊಡ್ಡ ಚಕ್ಕೆ ಬೀಳುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಚಾವಣಿಗೆ ಜಾಕಿ ಕೊಟ್ಟು ಆಧಾರ ನಿಲ್ಲಿಸಬೇಕು. ಸಡಿಲವಾದ ಕಾಂಕ್ರೀಟನ್ನೆಲ್ಲ ಕೆತ್ತಿ, ತುಕ್ಕು ಹಿಡಿದ ಕಂಬಿಯ ಹಿಂದಕ್ಕೂ ಬೆರಳು ಹೋಗುವಷ್ಟು, ಎಂದರೆ ಸುಮಾರು 20 ಮಿ.ಮೀ., ಬಿಡಿಸಬೇಕು. ಕಂಬಿಯನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಉಜ್ಜಿದ ಮೇಲೆ ಕಂಬಿ ಕಣ್ಣಿಗೆ ಕಾಣುವಷ್ಟು ಸಣಕಲಾಗಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಇಂಜಿನಿಯರನ್ನು ಕರೆಸಬೇಕು. ಎಷ್ಟು ಹೊಸ ಕಂಬಿ, ಎಲ್ಲಿ ಜೋಡಿಸಬೇಕು ಎಂಬುದು ಮೇಸ್ತ್ರಿಯ ಅಂದಾಜಿಗೆ ಬಿಡುವ ವಿಷಯವಲ್ಲ. ಕಂಬಿ ಗಟ್ಟಿಯಿದ್ದರೆ ತುಕ್ಕು ನಿರೋಧಕ ಪ್ರೈಮರ್ ಬಳಿದು, ಹಳೆಯ ಕಾಂಕ್ರೀಟಿಗೆ ಹೊಸದು ಕಚ್ಚಿಕೊಳ್ಳುವಂತೆ ಬಾಂಡಿಂಗ್ ದ್ರಾವಣ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯನ್ನು ಒಂದೇ ಸಲ ದಪ್ಪಗೆ ಮೆತ್ತದೆ ಪದರ ಪದರವಾಗಿ ಕಟ್ಟಿ, ಕನಿಷ್ಠ ಒಂದು ವಾರ ತೇವವಾಗಿಡಬೇಕು.

ಇದೆಲ್ಲ ಕೆಳಗಿನ ಚಿಕಿತ್ಸೆ. ನೀರು ಬರುವುದು ಮೇಲಿನಿಂದ. ಚಾವಣಿಯ ಮೇಲಿನ ಎಲೆ, ಮಣ್ಣು ಗುಡಿಸಿ ನೀರಿಳಿಯುವ ಪೈಪಿನ ಬಾಯಿ ಬಿಡಿಸುವುದಷ್ಟರಿಂದಲೇ ಎಷ್ಟೋ ಶಾಲೆಗಳ ಸೋರಿಕೆ ಅರ್ಧ ನಿಲ್ಲುತ್ತದೆ. ಪ್ಯಾರಪೆಟ್ ಸಂದಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಎಳೆಯವಾಗಿರುವಾಗಲೇ ಬೇರುಸಹಿತ ತೆಗೆಯಬೇಕು. ಪ್ಯಾರಪೆಟ್ಟಿನ ಬುಡದಲ್ಲಿ ಗಾರೆಯನ್ನು ಮೂಲೆ ಉಳಿಯದಂತೆ ದುಂಡಗೆ ಇಳಿಬಿಟ್ಟು ಕೊಡಬೇಕು. ಬಿರುಕುಗಳನ್ನು ತೆರೆದು ತುಂಬಿದ ಮೇಲೆ ವಾಟರ್‌ಪ್ರೂಫ್ ಲೇಪನ, ಅದರ ಮೇಲೆ ಬಿಳಿ ಬಣ್ಣ ಹಚ್ಚಿದರೆ ಬಿಸಿಯೂ ಕಡಿಮೆ, ಹಿಗ್ಗು ಕುಗ್ಗೂ ಕಡಿಮೆ.

ಇಲ್ಲಿ ನಡೆಯುವ ದೊಡ್ಡ ಅನಾಹುತವೆಂದರೆ ಸೋರಿದಾಗಲೆಲ್ಲ ಚಾವಣಿಯ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಸುರಿಯುವುದು. 50 ಮಿ.ಮೀ. ದಪ್ಪದ ಒಂದು ಪದರ ಚದರ ಮೀಟರಿಗೆ ಸುಮಾರು 120 ಕೆ.ಜಿ. ತೂಗುತ್ತದೆ, ಆರು ಮೀಟರ್ ಉದ್ದಗಲದ ಕೊಠಡಿಗೆ ಅದು ನಾಲ್ಕು ಟನ್ನಿಗೂ ಹೆಚ್ಚು. ತುಕ್ಕು ಹಿಡಿದ ಕಂಬಿಗಳ ಮೇಲೆ ಆ ಭಾರ ಹೇರಿ ಕೆಳಗೆ ಮಕ್ಕಳನ್ನು ಕೂರಿಸುವುದಕ್ಕಿಂತ ಸೋರುವ ಚಾವಣಿಯೇ ಮೇಲು. ಹೊಸ ಪದರ ಬೇಕೇ ಬೇಕೆಂದರೆ ಹಳೆಯದನ್ನು ಕೆತ್ತಿ ತೆಗೆದ ನಂತರವೇ ಹಾಕಬೇಕು.

ಅಡುಗೆ ಕೋಣೆ, ಸೈಕಲ್ ನಿಲ್ದಾಣಗಳ ಮೇಲೆ ಹಳೆಯ ಆಸ್ಬೆಸ್ಟಾಸ್ ಶೀಟುಗಳಿದ್ದರೆ ಅವನ್ನು ಒಡೆಯುವುದಾಗಲಿ ಒಣಗಿದ್ದಾಗ ಕೊರೆಯುವುದಾಗಲಿ ಸಲ್ಲದು, ಏಕೆಂದರೆ ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ. ತೆಗೆಯುವುದಿದ್ದರೆ ನೀರು ಚಿಮುಕಿಸಿ, ಮಾಸ್ಕ್ ಧರಿಸಿ, ಇಡಿಯಾಗಿ ಇಳಿಸಬೇಕು.

ನಾಲ್ಕನೆಯ ಹಂತ: ಗೋಡೆ ಮತ್ತು ತೇವ

ಸುಣ್ಣ ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲು, ಸೈಜುಗಲ್ಲು ಮತ್ತು ಇಟ್ಟಿಗೆಯ ಹಳೆಯ ಗೋಡೆಗಳು ನೆಲದಿಂದ ಒಂದಿಷ್ಟು ತೇವ ಹೀರುತ್ತವೆ, ಮೈಯಿಂದ ಅದನ್ನು ಆರಿಸಿಕೊಳ್ಳುತ್ತವೆ. ಇಂತಹ ಗೋಡೆಗೆ ಗಟ್ಟಿ ಸಿಮೆಂಟ್ ಗಾರೆ ಹಾಕಿ ಮೇಲೆ ಎನಾಮಲ್ ಬಳಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೇರುತ್ತದೆ, ಒಳಗಿನ ಗಾರೆ ಪುಡಿಯಾಗುತ್ತದೆ, ಕೊನೆಗೆ ಸಿಮೆಂಟಿನ ಹೊದಿಕೆ ಹಾಳೆಯಂತೆ ಕಳಚುತ್ತದೆ. ಹಳೆಯ ಗೋಡೆಗೆ ಹಳೆಯ ಗಾರೆಯೇ ಸರಿ: ಚೆನ್ನಾಗಿ ಅರಳಿ ಹದಗೊಂಡ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಮೇಲೆ ಸುಣ್ಣದ ಲೇಪ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ಅಪರೂಪ, ನಿಜ. ಆದರೆ ಊರಿನ ಹಳೆಯ ದೇವಸ್ಥಾನವನ್ನೋ ತೊಟ್ಟಿಮನೆಯನ್ನೋ ರಿಪೇರಿ ಮಾಡಿದವರು ಯಾರೆಂದು ವಿಚಾರಿಸಿದರೆ ಒಬ್ಬರಾದರೂ ಸಿಗುತ್ತಾರೆ.

ಗಾರೆಗೂ ಮೊದಲು ಮಾಡಬೇಕಾದದ್ದು ಹೊರಗಿದೆ. ವರ್ಷಾನುಗಟ್ಟಲೆ ಮೈದಾನಕ್ಕೆ ಮಣ್ಣು ಹಾಕಿಸುತ್ತಾ ಬಂದದ್ದರಿಂದ ಅನೇಕ ಶಾಲೆಗಳಲ್ಲಿ ಹೊರಗಿನ ನೆಲ ಕೊಠಡಿಯ ನೆಲಕ್ಕಿಂತ ಮೇಲೇರಿದೆ. ಗೋಡೆಯ ಸುತ್ತಲಿನ ಆ ಮಣ್ಣನ್ನು ಕಡಿದು, ಒಳಗಿನ ನೆಲಕ್ಕಿಂತ ಒಂದಡಿಯಾದರೂ ಕೆಳಗಿಳಿಸಿ, ನೀರು ಹರಿದುಹೋಗುವಂತೆ ಕಾಲುವೆ ತೆಗೆಯುವುದಕ್ಕೆ ಬೇಕಾದದ್ದು ಗುದ್ದಲಿ ಮತ್ತು ಒಂದು ಭಾನುವಾರದ ಶ್ರಮದಾನ. ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ ಪೈಪಿನಿಂದ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಹರಿಸಿದರೆ ಗೋಡೆಯೂ ಉಳಿಯಿತು, ಶೌಚಾಲಯಕ್ಕೆ ನೀರೂ ಸಿಕ್ಕಿತು.

ಹಳೆಯ ಬಣ್ಣ ಕೆರೆಯುವಾಗ ಒಂದು ಎಚ್ಚರಿಕೆ. ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರ್‌ನಿಂದಷ್ಟೇ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ ಸೀಸ ಹೆಚ್ಚಿರುವ ಸಂಭವವುಂಟು. ಕಿಟಕಿ, ಬಾಗಿಲು, ಕಪ್ಪುಹಲಗೆಯ ಅಂಚುಗಳನ್ನು ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಉಜ್ಜಿ, ಕೆರೆದ ಪುಡಿಯನ್ನು ಚೀಲಕ್ಕೆ ತುಂಬಬೇಕು.

ಐದನೆಯ ಹಂತ: ವಿದ್ಯುತ್ತು, ಶೌಚಾಲಯ, ಇಳಿಜಾರು

ಒದ್ದೆ ಗೋಡೆಯಲ್ಲಿ ಹಾದುಹೋದ ಹಳೆಯ ವೈರು ಬಿದ್ದುಹೋಗುವ ಗಾರೆಗಿಂತ ಅಪಾಯಕಾರಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನೇ ಕಡಿದುಹಾಕುವ ಸ್ವಿಚ್ಚು) ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಬೇಕು. ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿನ ಕೆಲಸ. ಶೌಚಾಲಯದ ವಿಷಯದಲ್ಲಿ ಹೊಸದು ಕಟ್ಟಿಸುವ ಉತ್ಸಾಹಕ್ಕಿಂತ ಇರುವುದಕ್ಕೆ ನೀರು ಬರಿಸುವುದು ಮುಖ್ಯ; ನೀರಿಲ್ಲದೆ ಬೀಗ ಬಿದ್ದ ಹೊಸ ಶೌಚಾಲಯಗಳು ಎಷ್ಟೋ ಇವೆ. ಗಾಲಿಕುರ್ಚಿಯ ಇಳಿಜಾರು 1:12ರ ಪ್ರಮಾಣದಲ್ಲಿರಬೇಕು, ಎಂದರೆ ಒಂದಡಿ ಎತ್ತರದ ಜಗಲಿಗೆ 12 ಅಡಿ ಉದ್ದ. ಗುತ್ತಿಗೆದಾರರು ಆರಡಿಯಲ್ಲಿ ಮುಗಿಸಿಬಿಡುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಏರದು, ಮಳೆಯಲ್ಲಿ ಮಕ್ಕಳು ಜಾರುವುದಕ್ಕೆ ಮಾತ್ರ ಅದು ಅನುಕೂಲ.

ಆರನೆಯ ಹಂತ: ಹಣ ಮತ್ತು ಕಾಗದಪತ್ರ

ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಸಂಯುಕ್ತ ಶಾಲಾ ಅನುದಾನವನ್ನು ಮಕ್ಕಳ ಸಂಖ್ಯೆಗೆ ಅನುಗುಣವಾಗಿ ವರ್ಷಕ್ಕೆ ಹೀಗೆ ನಿಗದಿಪಡಿಸಲಾಗಿದೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಇದರಲ್ಲಿ ಕನಿಷ್ಠ 10 ಶೇಕಡಾ ಸ್ವಚ್ಛತೆಗೆ ಮೀಸಲು. 60 ಮಕ್ಕಳ ಶಾಲೆಗೆ ಸ್ವಚ್ಛತೆಯ 2,500 ಕಳೆದು ಉಳಿಯುವ 22,500 ರೂಪಾಯಿಯಲ್ಲೇ ವಿದ್ಯುತ್ ಬಿಲ್ಲು, ಕಲಿಕೋಪಕರಣಗಳೂ ಆಗಬೇಕು. ಆದ್ದರಿಂದ ಈ ಹಣವನ್ನು ವಾರ್ಷಿಕ ನಿರ್ವಹಣೆಗೆ, ಎಂದರೆ ಹೆಂಚು ಕೈಯಾಡಿಸುವುದು, ದೋಣಿ ಶುಚಿ ಮಾಡುವುದು, ಸುಣ್ಣ, ಚಿಲಕ, ನಲ್ಲಿ ಇವುಗಳಿಗೆ ಎಂದು ಕಟ್ಟಿಡಬೇಕು. ದೊಡ್ಡ ದುರಸ್ತಿಯನ್ನು ಇದರಲ್ಲಿ ಚೂರು ಚೂರಾಗಿ ಮಾಡಲು ಹೊರಟರೆ ಎರಡೂ ಕೆಡುತ್ತವೆ.

ದೊಡ್ಡ ಕೆಲಸಕ್ಕೆ ಬೇರೆ ಬಾಗಿಲುಗಳಿವೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಐದು ಕೋಟಿ. ಶಾಸಕರ ನಿಧಿಯೂ ಉಂಟು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ಗ್ರಾಮ ಪಂಚಾಯಿತಿಯನ್ನು ಮರೆಯಬಾರದು: 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಶೇಕಡಾ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡ್, ಮೈದಾನದ ಕೆಲಸಗಳು ನಡೆದಿವೆ. ಸದ್ಯದ ನಿಯಮವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ವಿಚಾರಿಸಿ, ಶಾಲೆಯ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕರ್ತವ್ಯ. ಮೊದಲ ಹಂತದ ನಕ್ಷೆ, ಫೋಟೊ, ಬಿರುಕಿನ ದಾಖಲೆಗಳನ್ನು ಅದಕ್ಕೆ ಲಗತ್ತಿಸಿದರೆ ಅದೊಂದು ಅರ್ಜಿಯ ಮಟ್ಟವನ್ನು ದಾಟಿ ಪುರಾವೆಯಾಗುತ್ತದೆ.

ಎಸ್ಟಿಮೇಟನ್ನು ಇಂಜಿನಿಯರಿಂದ ಚಾಲ್ತಿಯ ಎಸ್.ಆರ್. (ಸರ್ಕಾರದ ದರಪಟ್ಟಿ) ದರದಲ್ಲಿ ಮಾಡಿಸಿ, ಮೂರು ಭಾಗಗಳಾಗಿ ಬರೆಸಬೇಕು: ಅಪಾಯ ನಿವಾರಣೆ, ಮಾಡು ಮತ್ತು ನೀರು, ಉಳಿದದ್ದು. ಕೇಳಿದ ಎಂಟು ಲಕ್ಷದಲ್ಲಿ ಮೂರು ಲಕ್ಷ ಮಾತ್ರ ಮಂಜೂರಾದಾಗ ಯಾವುದನ್ನು ಬಿಡಬೇಕೆಂಬ ಜಗಳ ಇದರಿಂದ ತಪ್ಪುತ್ತದೆ. ಟೆಂಡರಿನ ಮಿತಿಯೊಳಗೆ ತರಲೆಂದು ಒಂದೇ ಕೆಲಸವನ್ನು ತುಂಡು ತುಂಡು ಮಾಡಿ ಬಿಲ್ ಮಾಡುವುದು ಆಡಿಟ್ ಆಕ್ಷೇಪಣೆಗೆ ನೇರ ಆಹ್ವಾನ. ದಾನಿಗಳು ಕೊಡುವುದನ್ನು ಆದಷ್ಟು ಸಾಮಗ್ರಿಯ ರೂಪದಲ್ಲಿ ಪಡೆದು ದಾಸ್ತಾನು ವಹಿಯಲ್ಲಿ ಏರಿಸಿದರೆ ಮುಂದೆ ಮಾತು ಬರುವುದಿಲ್ಲ.

ಏಳನೆಯ ಹಂತ: ಕೆಲಸ ನಡೆಯುವಾಗ

ಸಮಿತಿಯ ಇಬ್ಬರು ಸದಸ್ಯರನ್ನು ಸರದಿಯಂತೆ ಸ್ಥಳದಲ್ಲಿರಿಸಬೇಕು. ಊರಿನಲ್ಲಿ ಗಾರೆ ಕೆಲಸ ಬಲ್ಲ ಪೋಷಕರು ಇದ್ದೇ ಇರುತ್ತಾರೆ, ಅವರೇ ಇದಕ್ಕೆ ತಕ್ಕವರು. ಸಿಮೆಂಟ್ ಚೀಲದ ಮೇಲಿನ ತಾರೀಖು ನೋಡಿ ಮೂರು ತಿಂಗಳು ದಾಟಿದ್ದನ್ನು ಹಿಂದಕ್ಕೆ ಕಳಿಸಬೇಕು. ಕಲ್ಲು ಪುಡಿಮಾಡಿ ತಯಾರಿಸಿದ ಮರಳಿನಲ್ಲಿ ಗಾರೆಗೆ ನುಣುಪಾದ ಪಿ-ಸ್ಯಾಂಡ್, ಕಾಂಕ್ರೀಟಿಗೆ ಎಂ-ಸ್ಯಾಂಡ್. ಕರಾವಳಿಯಲ್ಲಿ ಉಪ್ಪಿನಂಶದ ಮರಳನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು, ಅದು ಕಂಬಿಯನ್ನು ತಿನ್ನುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ ಸಿಮೆಂಟ್ ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್); ಅದನ್ನು ಬಳಸಿದ ಕಾಂಕ್ರೀಟಿಗೆ ಹತ್ತು ದಿನವಾದರೂ ನೀರುಣಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಗೋಣಿಚೀಲ ಹೊದಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಲು ಒಬ್ಬರಿಗೆ ಕೂಲಿ ಕೊಟ್ಟು ನೇಮಿಸುವುದು ಇಡೀ ಎಸ್ಟಿಮೇಟಿನಲ್ಲಿ ಅತ್ಯಂತ ಲಾಭದ ಖರ್ಚು.

ಮಕ್ಕಳನ್ನು ಮಾಡಿಗೆ ಹತ್ತಿಸುವುದಾಗಲಿ, ಹೆಂಚು ಸಾಗಿಸಲು ಸಾಲುಗಟ್ಟಿ ನಿಲ್ಲಿಸುವುದಾಗಲಿ ಕೂಡದು. ಶ್ರಮದಾನ ದೊಡ್ಡವರಿಗೆ.

ಲೇಪನ ಮುಗಿದ ಚಾವಣಿಯನ್ನು, ಅದು ಗಟ್ಟಿಯಾಗಿದೆಯೆಂದು ಇಂಜಿನಿಯರ್ ಹೇಳಿದ್ದರೆ, ಪೈಪಿನ ಬಾಯಿ ಮುಚ್ಚಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಟ್ಟು ಪರೀಕ್ಷಿಸಬೇಕು. ಸೋರದಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೊನೆಯ ಬಿಲ್ಲಿಗೆ ಸಹಿ.

ಎಂಟನೆಯ ಹಂತ: ವರ್ಷದ ಪಂಚಾಂಗ

ಜೂನ್, ಜುಲೈಯಲ್ಲಿ ಸೋರಿಕೆಯ ನಕ್ಷೆ. ಆಗಸ್ಟ್‌ನಲ್ಲಿ ಎಸ್‌ಡಿಎಂಸಿ ಸಭೆಯ ಠರಾವು ಮತ್ತು ಪತ್ರಗಳು. ದಸರಾ ರಜೆಯಲ್ಲಿ ಸಸಿ ಕೀಳುವುದು, ಚರಂಡಿ, ಬಾಗಿಲು ಕಿಟಕಿಗಳ ಸಣ್ಣ ಕೆಲಸ. ಡಿಸೆಂಬರ್ ಒಳಗೆ ಎಸ್ಟಿಮೇಟ್. ಹಣ ಬಿಡುಗಡೆಯಾಗುವುದು ಹೆಚ್ಚಾಗಿ ಆರ್ಥಿಕ ವರ್ಷದ ಕೊನೆಗೆ, ಅದೂ ಮಾರ್ಚ್ ಮುಗಿಯುವುದರೊಳಗೆ ಖರ್ಚು ತೋರಿಸಬೇಕೆಂಬ ಒತ್ತಡದೊಂದಿಗೆ; ಕಾಗದಗಳು ಮೊದಲೇ ಸಿದ್ಧವಿರುವ ಶಾಲೆ ಆ ಗಡಿಬಿಡಿಯಲ್ಲಿ ಬಣ್ಣ ಕೊಂಡು ಕೈತೊಳೆದುಕೊಳ್ಳಬೇಕಾಗುವುದಿಲ್ಲ. ದೊಡ್ಡ ಕೆಲಸಗಳೆಲ್ಲ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ. ಮೇ ಕೊನೆಯ ವಾರದಲ್ಲಿ ದೋಣಿ, ಪೈಪು, ಚರಂಡಿಗಳನ್ನು ಇನ್ನೊಮ್ಮೆ ಬಿಡಿಸಿ, ಬೀಗ ಹಾಕಿದ ಕೊಠಡಿಯ ಬೇಲಿ ಗಟ್ಟಿಯಿದೆಯೇ ಎಂದು ನೋಡಿ, ಆ ವರ್ಷ ಮಾಡಿದ ಪ್ರತಿ ಕೆಲಸದ ತಾರೀಖು, ಸಾಮಗ್ರಿ, ಮೇಸ್ತ್ರಿಯ ಹೆಸರು, ಖರ್ಚಾದ ಹಣ ಇವುಗಳನ್ನು ಕಟ್ಟಡದ ಪುಸ್ತಕದಲ್ಲಿ ಬರೆದಿಡಬೇಕು. ಮುಖ್ಯಶಿಕ್ಷಕರು ವರ್ಗವಾಗುವಾಗ ಪ್ರಭಾರ ಪಟ್ಟಿಯಲ್ಲಿ ಹಾಜರಿ ಪುಸ್ತಕ, ನಗದು ಪುಸ್ತಕಗಳ ಜೊತೆಗೆ ಈ ಪುಸ್ತಕವನ್ನೂ ನಮೂದಿಸಿ ಹಸ್ತಾಂತರಿಸಬೇಕು.